ಹಿರಿಯರಿಗೆ ಕಥೋಲಿಕ ಧರ್ಮೋಪದೇಶ: ಉಪದೇಶಿಗಳಿಗೆ ಎಂಟು ಸೂತ್ರಗಳು

ಯರಗುಪ್ಪಿಯಂಥ ಊರಿನಲ್ಲಿ ಹೊಲಮನೆ ನೋಡಿಕೊಂಡಿರುವ ಹಿರಿಯರೊಬ್ಬರು ತಾವಾಗಿಯೇ ಬಂದು ‘ಕಥೋಲಿಕ ವಿಶ್ವಾಸದ ಬಗ್ಗೆ ಕಲಿಯಬೇಕ್ರಿ’ ಎಂದರೆ ಅದು ದೊಡ್ಡ ಹೊಣೆ. ಪಾಠ ಒಪ್ಪಿಸಿದರೆ ಆ ಹೊಣೆ ತೀರದು. ಅವರ ನಿರ್ಧಾರ ಸ್ವತಂತ್ರವಾಗಿರಬೇಕು, ತಿಳಿವಳಿಕೆ ಗಟ್ಟಿಯಾಗಿರಬೇಕು.

1. ಆಮಿಷದ ನೆರಳೂ ಬೇಡ. ಒತ್ತಾಯ, ಆಸೆ ತೋರಿಸುವುದು ಎರಡನ್ನೂ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ನಿಷೇಧಿಸಿದೆ. ಸಾಲ, ನೌಕರಿ, ವಾಸಿಯಾಗುವ ಭರವಸೆಯ ಮಾತು ಬಂದರೆ ಪಾಠ ನಿಲ್ಲಿಸಿ, ಮೊದಲು ಅದನ್ನು ಬಿಡಿಸಿ ಮಾತಾಡಿ.

2. ಕಾನೂನನ್ನು ಮೊದಲ ದಿನವೇ ಹೇಳಿ. ಕರ್ನಾಟಕದ 2022ರ ಕಾಯ್ದೆ ಪ್ರಕಾರ ಮತಾಂತರಕ್ಕೆ 30 ದಿನ ಮುಂಚೆ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕು. ರದ್ದತಿಗೆ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತ್ತು. ಇಂದಿನ ಸ್ಥಿತಿಯನ್ನು ವಕೀಲರಿಂದ ತಿಳಿಯಿರಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಇರುವುದಿಲ್ಲ. ಇದನ್ನು ಮುಚ್ಚಿಟ್ಟು ಕಲಿಸುವುದು ಮೋಸ.

3. ಹೊಲದ ಕೆಲಸ ನೋಡಿ ವೇಳೆ ಗೊತ್ತುಮಾಡಿ. ಮುಂಗಾರು ಬಿತ್ತನೆ, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಒಣಗಿಸುವುದು ಯಾರನ್ನೂ ಕಾಯುವುದಿಲ್ಲ. ರಾತ್ರಿ ಊಟಕ್ಕೆ ಮುಂಚೆ ಮುಕ್ಕಾಲು ತಾಸು ಸಾಕು. ತಪ್ಪಿದ ಪಾಠವನ್ನು ಬೇಸರಿಸದೆ ಮತ್ತೆ ಹೇಳಿ.

4. ಯೇಸುಸ್ವಾಮಿಯಿಂದ ಶುರು ಮಾಡಿ, ನಿಯಮಗಳಿಂದಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ ಕ್ರಮ ಇದೇ: ಮೊದಲು ವಿಶ್ವಾಸ, ನಂತರ ಸಂಸ್ಕಾರಗಳು, ಆಮೇಲೆ ನಡತೆ, ಕೊನೆಗೆ ಪ್ರಾರ್ಥನೆ. ಯಾರನ್ನು ನಂಬುತ್ತೇವೆಂದು ತಿಳಿಯದವರಿಗೆ ಹತ್ತು ಕಟ್ಟಳೆಗಳು ಬರೀ ಭಾರ.

5. ಕೈಯಿಂದ ಕಲಿಸಿ. ಶಿಲುಬೆ ಗುರುತನ್ನು ನಿಧಾನವಾಗಿ ಹಾಕಿ ತೋರಿಸಿ: ಬಲಗೈ ಹಣೆಗೆ, ಎದೆಗೆ, ಎಡ ಭುಜಕ್ಕೆ, ಬಲ ಭುಜಕ್ಕೆ. ಪಿತ, ಸುತ, ಪವಿತ್ರಾತ್ಮ ಎಂದು ಮೂವರನ್ನು ಕರೆದರೂ ‘ನಾಮದಲ್ಲಿ’ ಎನ್ನುವುದು ಒಂದೇ ಸಲ. ಮೂರು ದೇವರಲ್ಲ, ಒಬ್ಬನೇ ದೇವರು ಎಂಬುದನ್ನು ಅಲ್ಲೇ ಬಿಡಿಸಿ ಹೇಳಿ. ದಿನವೂ ಮಾಡುವ ಗುರುತಿನ ಜೊತೆಗೆ ತತ್ವವೂ ನೆನಪಿನಲ್ಲಿ ಉಳಿಯುತ್ತದೆ.

6. ಊರ ಮಾತಿನಲ್ಲೇ ಕೇಳಿ, ಹೇಳಿ. 17ನೇ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲೇ ಉಪದೇಶ ಬರೆದರು. ನಮಗೇನು ನೆಪ? ಪಾಠದ ಕೊನೆಗೆ ‘ಯಕ್ಕಾ, ಇವತ್ತ ಏನ್ ತಿಳೀತು, ನಿಮ್ಮ ಮಾತಿನ್ಯಾಗ ಹೇಳ್ರಿ’ ಎನ್ನಿ. ಬಾಯಿಪಾಠ ಯಾವುದು, ಅರಿವು ಯಾವುದು ಎಂದು ಆಗ ಗೊತ್ತಾಗುತ್ತದೆ.

7. ಹಿಂದಿನ ನಂಬಿಕೆಯನ್ನು ಹಳಿಯಬೇಡಿ. ಅವರ ತಾಯಿ ವಿಭೂತಿ ಹಚ್ಚಿ ಬೆಳೆಸಿರುತ್ತಾರೆ. ಆ ಮನೆಯಲ್ಲೇ ನಾಳೆಯೂ ಅವರು ಬಾಳಬೇಕು. ಬೇರೆ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ತಾನು ತಿರಸ್ಕರಿಸುವುದಿಲ್ಲ ಎಂದು ಧರ್ಮಸಭೆಯೇ 1965ರಲ್ಲಿ ಸಾರಿದೆ. ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಿ, ಗೌರವದಿಂದ ಹೇಳಿ.

8. ಅವಸರವೂ ಬೇಡ, ಅರ್ಧಕ್ಕೆ ಕೈಬಿಡುವುದೂ ಬೇಡ. 1972ರಲ್ಲಿ ಹೊಸದಾಗಿ ರೂಪಿಸಿದ ದೀಕ್ಷಾವಿಧಿಯಲ್ಲಿ ಹಂತಗಳಿವೆ. ಮೊದಲು ವಿಚಾರಣೆ, ಆಮೇಲೆ ದೀರ್ಘ ಕಲಿಕೆ, ತಪಸ್ಸು ಕಾಲದಲ್ಲಿ ಅಂತರಂಗದ ಶುದ್ಧಿ. ಪಾಸ್ಕ ಜಾಗರಣೆಯ ರಾತ್ರಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಟ್ಟಿಗೆ ಸಿಗುತ್ತವೆ. ಅದಾದ ಮೇಲೂ ಪಾಸ್ಕ ಕಾಲದ ಉಪದೇಶ ಮುಂದುವರಿಯುತ್ತದೆ. ಬಹಳ ಕಡೆ ಬಿಟ್ಟುಹೋಗುವುದು ಇದೇ ಹಂತ. ಇಗರ್ಜಿ ದೂರವಿರುವ ಹಳ್ಳಿಯಲ್ಲಿ ಹೊಸ ವಿಶ್ವಾಸಿ ಒಂಟಿಯಾಗುವುದು ಬೇಗ. ಬರುವ ಭಾನುವಾರದ ಬಲಿಪೂಜೆಗೆ ಅವರನ್ನು ಕರೆದೊಯ್ಯುವ ಧರ್ಮತಂದೆ ಅಥವಾ ಧರ್ಮತಾಯಿ ಯಾರು ಎಂದು ದೀಕ್ಷಾಸ್ನಾನಕ್ಕೆ ಮುಂಚೆಯೇ ಗೊತ್ತುಮಾಡಿ.