ಜೋಗತಿ ಮಂಜಮ್ಮ

ಭಾರತ ಹುಣ್ಣಿಮೆ ಸಮೀಪಿಸಿತೆಂದರೆ ಹುಕ್ಕೇರಿ, ಗೋಕಾಕ ಸೀಮೆಯ ದಡ್ಡಿಯಂಥ ಊರುಗಳವರಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡ ನೆನಪಾಗುತ್ತದೆ. ಚೌಡಿಕೆಯ ನಾದಕ್ಕೆ, ದೇವಿಯ ಮೂರ್ತಿಯಿರಿಸಿದ ಕೊಡವನ್ನು ತಲೆಯ ಮೇಲೆ ಹೊತ್ತು ಕುಣಿಯುವ ಜೋಗತಿಯರನ್ನು ಅಲ್ಲಿ ಕಾಣದವರು ವಿರಳ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರೂ ಇವರಲ್ಲಿ ಉಂಟು. ಅಂಥವರಲ್ಲಿ ಒಬ್ಬರಾದ ಮಂಜಮ್ಮನವರು ಈ ಕುಣಿತವನ್ನು ಗುಡಿಯ ಅಂಗಳದಿಂದ ರಂಗಮಂಚಕ್ಕೆ ತಂದು ಹೆಸರಾದರು.

ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದ ಅವರಿಗೆ ಹೆತ್ತವರಿಟ್ಟ ಹೆಸರು ಮಂಜುನಾಥ. ಬೆಳೆದಂತೆ ಹೆಣ್ಣುಮಕ್ಕಳ ಒಡನಾಟ, ಅವರ ಉಡುಗೆತೊಡುಗೆಗಳೇ ಹುಡುಗನಿಗೆ ಹಿತವಾದವು. ಮನೆಯವರು ಹೊಡೆದರು, ವೈದ್ಯರಲ್ಲಿಗೂ ಪೂಜಾರಿಗಳಲ್ಲಿಗೂ ಕರೆದೊಯ್ದರು. ಕೊನೆಗೆ ಹೊಸಪೇಟೆಯ ಸಮೀಪದ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿದರು. ಉಡಿದಾರ ಕಡಿದು, ಹೆಣ್ಣಿನ ಉಡುಗೆ ತೊಡಿಸಿ, ಬಳೆ ಇಡಿಸಿದಾಗ ತಾಯಿ, ಮಗನೇ ತೀರಿಹೋದನೆಂಬಂತೆ ಅತ್ತರು.

ಆ ತಂದೆತಾಯಿಗಳನ್ನು ಕಲ್ಲೆದೆಯವರೆನ್ನುವುದು ಸುಲಭ. ಆದರೆ ಇಂಥ ಮಗುವಿಗಾಗಿ ಅವರು ಬಲ್ಲ ಬಾಗಿಲು ಗುಡಿಯದೊಂದೇ. ಗುಡಿ ಹೊಸ ಹೆಸರು ಕೊಟ್ಟಿತು. ಮನೆಯಲ್ಲಿ ಮಾತ್ರ ನೆಲೆ ಉಳಿಯಲಿಲ್ಲ. ಬದುಕೇ ಬೇಡವೆನಿಸಿದ ಗಳಿಗೆಯನ್ನೂ ದಾಟಿ, ಮನೆ ತೊರೆದ ಮಂಜಮ್ಮ ಭಿಕ್ಷೆಯಿಂದ ಹೊಟ್ಟೆ ಹೊರೆದರು. ಒಮ್ಮೆ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಂದೆಯೊಬ್ಬ ಹಾಡುತ್ತಿದ್ದ. ಆತನ ಮಗ ಕೊಡ ಹೊತ್ತು ಕುಣಿಯುತ್ತಿದ್ದ. ಮಂಜಮ್ಮ ಕುಣಿತದ ಮೊದಲ ಪಾಠ ಕಲಿತದ್ದು ಆ ತಂದೆಮಕ್ಕಳಿಂದಲೇ. ಮುಂದೆ ಕಾಳವ್ವ ಜೋಗತಿಯವರು ಗುರುವಾದರು.

ಮಕ್ಕಳು ಹೀಗೆ ಮನೆಯಿಂದ ಹೊರಬೀಳಬಾರದೆಂದು, ತೃತೀಯ ಲಿಂಗಿಯೆಂಬ ಕಾರಣಕ್ಕೆ ಯಾವ ಮಗುವನ್ನೂ ನ್ಯಾಯಾಲಯದ ಆದೇಶವಿಲ್ಲದೆ ಹೆತ್ತವರಿಂದ ಬೇರ್ಪಡಿಸಕೂಡದೆಂದು 2019ರ ಕೇಂದ್ರ ಶಾಸನವು ವಿಧಿಸಿತು. ತಮ್ಮದೇ ಲಿಂಗದವರನ್ನು ಪ್ರೀತಿಸುವ ವಯಸ್ಕರು ಅಪರಾಧಿಗಳಲ್ಲವೆಂದು ಸುಪ್ರೀಂ ಕೋರ್ಟು 2018ರಲ್ಲಿಯೇ ಸಾರಿತ್ತು. ಅಂಥ ಮಕ್ಕಳಿರುವ ಮನೆಗಳಲ್ಲಿಯೂ ಹೆತ್ತವರ ಮುಂದೆ ಏಳುವ ಪ್ರಶ್ನೆ ಇದೇ. ಶಾಸನವು ಮನೆಯಲ್ಲಿ ಜಾಗ ಕೊಡಿಸಬಲ್ಲುದು. ಹೆಸರು ಹಿಡಿದು ಊಟಕ್ಕೆ ಕರೆಯಬೇಕಾದವರು ತಾಯಿತಂದೆಗಳು.

2019ರಲ್ಲಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರ್ 9ರಂದು ಪದ್ಮಶ್ರೀ ಪ್ರಶಸ್ತಿ ಸ್ವೀಕರಿಸಲು ರಾಷ್ಟ್ರಪತಿ ಭವನಕ್ಕೆ ಹೋದಾಗ, ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರ ಎದುರು ನಿಂತು, ತಾಯಂದಿರು ಮಕ್ಕಳಿಗೆ ಮಾಡುವಂತೆ, ತಮ್ಮ ಸೆರಗಿನಿಂದ ದೃಷ್ಟಿ ನಿವಾಳಿಸಿದರು.