ವರ್ಷನ್ ಒಂದ ಕಡೆ ಬರಿ

ತಮ್ಮಾ, ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟಿನ ಪಾಮ್ ಫೈಲ್ ಪೂರ್ತಿ ಓದಿದೆ. ಕೋಡ್ ಛಲೋ ಐತಿ. ಆದ್ರ ನಾಲ್ಕು ಮಾಡ್ಯೂಲ್‌ನ್ಯಾಗ ನಾಲ್ಕು ಮಂದಿ ಕೂತು ಜಾಕ್ಸನ್ ಲೈಬ್ರರಿಗೆ ಮೂರು ಥರದ ವರ್ಷನ್ ಬರದೀರಿ. ನಿನ್ನೆ ಓಡಿದ್ದು ಇವತ್ತ ಯಾಕ ಬಿತ್ತು ಅಂತ ಕೇಳ್ದಿ. ನಿನ್ನ ದೋಸ್ತ ಎರಡು ಡಿಪೆಂಡೆನ್ಸಿ ಮ್ಯಾಲ ಕೆಳಗ ಮಾಡ್ಯಾನ, ಅಷ್ಟ.

ನಂಬಾಕ ಆಗಂಗಿಲ್ಲ ಅಲ್ಲ? ಮೇವನ್ ನಿಯಮ ಹಂಗ ಐತಿ. ನೀನು ಒಂದು ಲೈಬ್ರರಿ ಕರದ್ರ ಅದು ತನ್ನ ಬಳಗಾನೆಲ್ಲ ಕರ್ಕೊಂಡ ಬರತೈತಿ. ಆ ಬಳಗದಾಗ ಒಂದ ಜಾಕ್ಸನ್ ಎರಡು ವರ್ಷನ್‌ನ್ಯಾಗ ಬಂದ್ರ, ಮೇವನ್ ಹೊಸಾದ್ಯಾವುದು ಅಂತ ನೋಡಂಗಿಲ್ಲ, ನಿನ್ನ ಪ್ರಾಜೆಕ್ಟಿಗೆ ಹತ್ರದ್ಯಾವುದು ಅಂತ ನೋಡತೈತಿ. ಮೂರು ಮೆಟ್ಟಲ ಕೆಳಗ 2.15 ಇದ್ರೂ, ಎರಡು ಮೆಟ್ಟಲ ಕೆಳಗಿನ 2.9 ಗೆಲ್ಲತೈತಿ. ದೂರ ಎರಡಕ್ಕೂ ಸರಿಸಮ ಆದ್ರ, ಫೈಲ್‌ನ್ಯಾಗ ಯಾವ ಡಿಪೆಂಡೆನ್ಸಿ ಮೊದ್ಲ ಬರದೀರೋ ಅದರ ಪಾಲು. ಗ್ರೇಡಲ್ ಹಂಗಲ್ಲ, ಎಲ್ಲಾಕ್ಕಿಂತ ಹೆಚ್ಚಿನ ವರ್ಷನ್ ಎತ್ತಿಕೊಳ್ಳತೈತಿ. ಮೇವನ್ ಹಿಂಗ ಹಳೇದನ್ನ ಎತ್ತಿಕೊಂಡ್ರೂ ಕಂಪೈಲ್ ಸುಮ್ಮನ ಆಗಿಬಿಡತೈತಿ. ಓಡಸಾಕ ಹೋದಾಗ ‘ನೋ ಸಚ್ ಮೆಥಡ್ ಎರರ್’.

ಅದು ಬಂದ ಕೂಡಲೇ ನಿಮ್ಮ ಹುಡುಗರು ಮಾಡೋದು ಒಂದ: ಡಾಟ್ ಎಂ2 ಫೋಲ್ಡರ್ ಅಳಸೋದು. ಪೀಜಿ ವೈಫೈನ್ಯಾಗ ಎಲ್ಲಾ ಮತ್ತ ಇಳಿಸ್ಕೊಂತ ರಾತ್ರಿ ಕಳಿತೈತಿ, ಎರರ್ ಇದ್ದಲ್ಲೇ ಇರತೈತಿ. ಅಳಸೋಕಿಂತ ಮೊದ್ಲ ‘ಎಂವಿಎನ್ ಡಿಪೆಂಡೆನ್ಸಿ:ಟ್ರೀ’ ಓಡಸು, ವರ್ಬೋಸ್ ಹಚ್ಚಿ. ‘ಆಮಿಟೆಡ್ ಫಾರ್ ಕಾನ್‌ಫ್ಲಿಕ್ಟ್’ ಅಂತ ಬರೋ ಸಾಲು ನೋಡು. ಸೋತ ವರ್ಷನ್ ಯಾವುದು, ಗೆದ್ದದ್ದು ಯಾವುದು, ಎರಡೂ ಅಲ್ಲೇ ಅದಾವು.

ಆಮ್ಯಾಲ ಪೇರೆಂಟ್ ಪಾಮ್‌ನ್ಯಾಗ ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟ್ ಅನ್ನೋ ಭಾಗ ಮಾಡಿ, ವರ್ಷನ್ ಎಲ್ಲಾ ಅಲ್ಲೇ ಬರಿ. ಮಾಡ್ಯೂಲ್‌ಗಳಾಗ ಹೆಸರಷ್ಟ ಇರಲಿ, ನಂಬರ್ ತೆಗದು ಬಿಡು; ಅಲ್ಲಿ ನಂಬರ್ ಉಳಿಸಿದ್ರ ಪೇರೆಂಟಿನ ಮಾತು ನಡಿಯಂಗಿಲ್ಲ. ಒಂದು ನೆನಪಿಡು: ಆ ಭಾಗದಾಗ ಬರದ ಮಾತ್ರಕ್ಕ ಯಾವ ಲೈಬ್ರರಿನೂ ಪ್ರಾಜೆಕ್ಟಿಗೆ ಬರಂಗಿಲ್ಲ. ಯಾರರೆ ಕರದಾಗ ಯಾವ ವರ್ಷನ್ ಕೊಡಬೇಕು ಅನ್ನೋದಷ್ಟ ಅದು ಹೇಳತೈತಿ. ಬಾಲಂಗೋಚಿಯಾಗಿ ಬಂದ ಲೈಬ್ರರಿಗೂ ಅದ ಮಾತು ಹತ್ತತೈತಿ, ಅದರ ಉಪಯೋಗ ಇರೋದ ಅಲ್ಲಿ.

ಜಾಕ್ಸನ್ನಿನಂಥಾ ದೊಡ್ಡ ಬಳಗಕ್ಕ ಒಂದೊಂದ ಬರೀಬ್ಯಾಡ, ಅವರ ವರ್ಷನ್ ಪಟ್ಟಿ, ಅಂದ್ರ ‘ಬಾಮ್’, ಇಂಪೋರ್ಟ್ ಮಾಡು. ಎರಡು ಬಾಮ್ ಜಗಳಾಡಿದ್ರ ಮೊದ್ಲ ಬರದದ್ದು ಗೆಲ್ಲತೈತಿ, ನೀನ ಬರದ ಸಾಲು ಎರಡನ್ನೂ ಸೋಲಸತೈತಿ. ಸ್ಪ್ರಿಂಗ್ ಬೂಟ್‌ನ್ಯಾಗ ಇನ್ನೊಂದು ತೊಡಕು ಐತಿ: ಅದನ್ನ ಪೇರೆಂಟ್ ಮಾಡ್ಕೊಂಡ್ರ ಪ್ರಾಪರ್ಟಿ ಬದಲಿಸಿ ವರ್ಷನ್ ಬದಲಿಸಬಹುದು, ಬಾಮ್ ಆಗಿ ತಗೊಂಡ್ರ ಆ ಪ್ರಾಪರ್ಟಿ ಕೇಳಂಗಿಲ್ಲ. ಇದು ಗೊತ್ತಿಲ್ಲದ ತಾಸುಗಟ್ಟಲೆ ಒದ್ದಾಡಿದವರು ಬಾಳ ಮಂದಿ.

ಕಾಲೇಜ್ ಪ್ರಾಜೆಕ್ಟಿಗೆ ಇಷ್ಟೆಲ್ಲಾ ಯಾಕ ಅಂತೀಯೇನು? 2021ರ ಡಿಸೆಂಬರ್ ನೆನಸ್ಕೊ. ಲಾಗ್‌ಫೋರ್‌ಜೆ ಲೈಬ್ರರಿಯ ಭದ್ರತಾ ತೂತು ಹೊರಗ ಬಿತ್ತು, ಅದ ತಿಂಗಳು 2.15ರಿಂದ 2.17.1ರ ತನಕ ತಿದ್ದುಪಡಿ ಮ್ಯಾಲ ತಿದ್ದುಪಡಿ. ವರ್ಷನ್ ಒಂದ ಕಡೆ ಬರದವರು ಪ್ರತಿ ಸಲ ಒಂದು ಸಾಲು ತಿದ್ದಿ ಬಿಲ್ಡ್ ಮಾಡಿ ಮನಿಗೆ ಹೋಗ್ಯಾರ. ಉಳಿದವರಿಗೆ ತಮ್ಮ ಸಾಫ್ಟ್‌ವೇರಿನೊಳಗ ಅದು ಐತೋ ಇಲ್ಲೋ ಅನ್ನೋದ ಗೊತ್ತಿರಲಿಲ್ಲ. ಬಿವಿಬಿ ಕಾಲೇಜ್ ದಾಟಿ (ಕೆಎಲ್‌ಇ ಟೆಕ್ ಅಂತ ಬೋರ್ಡ್ ಬದಲಾದ್ರೂ ನಮಗದು ಬಿವಿಬಿನ) ನೌಕರಿಗೆ ಹೋದಾಗ ನಿನ್ನ ಕೈಯಾಗ ಬರೋದು ಅಂಥಾ ಹಳೇ ಕೋಡ.

ಸದ್ಯಕ್ಕ ಎನ್‌ಫೋರ್ಸರ್ ಪ್ಲಗಿನ್ ಹಚ್ಚಿ, ‘ಡಿಪೆಂಡೆನ್ಸಿ ಕನ್ವರ್ಜೆನ್ಸ್’ ನಿಯಮ ಹಾಕು. ಒಂದ ಲೈಬ್ರರಿ ಎರಡು ವರ್ಷನ್‌ನ್ಯಾಗ ಬಂದ್ರ ಬಿಲ್ಡ್ ಅಲ್ಲೇ ನಿಲ್ಲತೈತಿ. ಮೊದಲ ದಿನ ಕೆಂಪು ಸಾಲು ರಾಶಿ ಬೀಳತಾವು, ಹೆದರಿ ತೆಗದು ಹಾಕಬ್ಯಾಡ. ಮ್ಯಾಲಿಂದ ಒಂದೊಂದ ಬಗಿಹರಿಸ್ಕೊಂತ ಬಾ, ಜಾಕ್ಸನ್ನಿನಿಂದನ ಶುರು ಮಾಡು.