ಕಾರಂಜಿಕೆರೆಯ ಹಕ್ಕಿಗಳು

ಮೈಸೂರಿನ ಚಾಮುಂಡಿಬೆಟ್ಟದ ಬುಡದಲ್ಲಿರುವ ಕಾರಂಜಿಕೆರೆಗೆ ಹೋದವರು ಮೊದಲು ಧಾವಿಸುವುದು ದೊಡ್ಡ ಪಂಜರದೊಳಗಿನ ನವಿಲುಗಳ ಕಡೆಗೆ. ನಾವೂ ಹಾಗೆಯೇ ಮಾಡಿದೆವು. ಆದರೆ ಕಲಿಯತಕ್ಕ ಪಾಠವು ಹೊರಗಣ ನೀರಿನಲ್ಲಿತ್ತು.

1976ರಲ್ಲಿ ಮೃಗಾಲಯದ ವಶಕ್ಕೆ ಬಂದ ಈ ಕೆರೆಯು ಸುತ್ತಣ ಬಡಾವಣೆಗಳ ಕೊಳಚೆಯಿಂದ ಒಮ್ಮೆ ಕೆಟ್ಟಿತ್ತು. ಕೊಳಚೆಯನ್ನು ತಡೆದು, ಮಳೆನೀರು ತರುವ ಕಾಲುವೆಗಳ ಹೂಳನ್ನು ತೆಗೆಸಿದ ಮೇಲೆ ಅದಕ್ಕೆ ಮರಳಿ ಜೀವ ಬಂದಿತು. ಈಗ ಹೆಜ್ಜಾರ್ಲೆಯು ಕೊಕ್ಕಿನ ಚೀಲವನ್ನೇ ಬಲೆಮಾಡಿ ಮೀನನ್ನು ಗೋರುತ್ತದೆ. ಬಣ್ಣದ ಕೊಕ್ಕರೆಯ ಬೇಟೆಯಂತೂ ಸೋಜಿಗವೇ ಸರಿ: ಕಣ್ಣಿನಿಂದಲ್ಲ, ಸ್ಪರ್ಶದಿಂದ! ಅರೆತೆರೆದ ಕೊಕ್ಕನ್ನು ನೀರಿನೊಳಗೆ ಆಡಿಸುತ್ತ, ಮೀನು ತಗುಲಿದೊಡನೆ ಕಚ್ಚುತ್ತದೆ. ಪಂಜರದ ಹಕ್ಕಿಗೆ ಆಹಾರವನ್ನು ಕೊಡುವವರುಂಟು. ಇವಕ್ಕೆ ಕೆರೆಯೇ ಗತಿ. ನೀರು ಕೆಟ್ಟು ಮೀನು ತೀರಿದರೆ ಇವು ಹಾರಿಹೋಗುವುವು.

ನಾಚಿಕೆಯಿಂದಲೇ ಹೇಳಬೇಕು, ನಮ್ಮಲ್ಲೊಬ್ಬಳು ಪುರಿಯನ್ನು ಎಸೆದಳು. ಕೊಕ್ಕರೆಯು ತಿರುಗಿಯೂ ನೋಡಲಿಲ್ಲ.